ಸಮುದ್ರ ಮುಟ್ಟಿದರೇ ಎಂದು ಕೇಳುತ್ತಿದ್ದೆ

ಮೊನ್ನೆ ಭಾನುವಾರ ಪುಟ್ಟಿ ಮಹಡಿಯ ಗುಲಾಬಿ ಕುಂಡಗಳಿಗೆಂದು ನರ್ಸರಿಯಿಂದ ಮೂಳೆ ಗೊಬ್ಬರದ ಪೊಟ್ಟಣ ತಂದಳು. ಕತ್ತರಿಯಿಂದ ಅದರ ತುದಿ ಕತ್ತರಿಸಿದ ಕೂಡಲೇ ಒಂದು ವಾಸನೆ ಬಂತು. ಕೊಳೆತದ್ದಲ್ಲ, ಸುಟ್ಟದ್ದೂ ಅಲ್ಲ. ಹಳೆಯ ಸುಣ್ಣದ ಗೋಡೆ ಒದ್ದೆಯಾದಾಗ ಬರುವಂಥದ್ದು, ಅದರ ಹಿಂದೆ ಸಣ್ಣಗೆ ಒಣಮೀನು...

“ಅಜ್ಜಿ, ಇದ್ರಲ್ಲಿ ಫಾಸ್ಫರಸ್ ಇರುತ್ತೆ, ಹೂವು ಸಖತ್ತಾಗಿ ಬಿಡುತ್ತೆ ನೋಡ್ತಿರು” ಅಂದಳು.

ನಾನು ಬಟ್ಟೆಯ ಬುಟ್ಟಿ ಇಳಿಸಿ ಹಾಗೇ ಕುಳಿತುಬಿಟ್ಟೆ. ತಲೆ ಸುತ್ತಿತಾ ಎಂದು ಮೊಮ್ಮಕ್ಕಳು ನೀವಿಬ್ಬರೂ ಓಡಿಬಂದಿರಿ. ತಲೆ ಸುತ್ತಿರಲಿಲ್ಲ. ಫಾಸ್ಫರಸ್ ಎಂಬ ಆ ಹೆಸರನ್ನು ಈ ಮನೆಯಲ್ಲಿ ಕೇಳಿ ಎಷ್ಟೋ ವರ್ಷವಾಗಿತ್ತು, ಅಷ್ಟೇ. ಬಾಯಿಬಿಟ್ಟು ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ಕೋಣನಕುಂಟೆ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿನ ಶಾಲೆಯಲ್ಲಿ ಕಲಿತ ಅಕ್ಷರ ಇದೆ. ಅದರಲ್ಲೇ ಬರೆದಿಡುತ್ತೇನೆ.

ನಮ್ಮ ಮೇಲಿನ ಮನೆಯಲ್ಲಿ ಒಬ್ಬರು ಮೇಡಂ ಬಾಡಿಗೆಗಿದ್ದರು. ಪುಟ್ಟಿ ಆಗಿನ್ನೂ ತೊಟ್ಟಿಲಲ್ಲಿದ್ದಳು. ಅವರು ಕಾರವಾರದ ಕಡೆಯವರು, ಮದುವೆಯಾಗಿರಲಿಲ್ಲ. ಸಮುದ್ರದ ನೀರು, ಸಮುದ್ರದ ತಳದ ಕೆಸರು, ಇವುಗಳಲ್ಲಿ ಏನೇನಿದೆ ಎಂದು ನೋಡುವುದು ಅವರ ಕೆಲಸ. ಬೆಂಗಳೂರಿನಲ್ಲಿ ಕುಳಿತು ಸಮುದ್ರದ ಕೆಲಸವೇ ಎಂದು ನಿಮ್ಮ ತಾತ ನಗುತ್ತಿದ್ದರು. ಆದರೆ ಅವರು ಆಗಾಗ ಹಡಗಿನಲ್ಲಿ ಹೋಗಿಬರುತ್ತಿದ್ದರು. ಹೋದಾಗಲೆಲ್ಲ ನನಗೆ ದಿಗಿಲು. ಗಾಳಿ ಜೋರಾಗಿ ಬೀಸಿದರೆ ಇಲ್ಲಿ ಜೆ.ಪಿ. ನಗರದಲ್ಲಿ ಕುಳಿತು ಅವರ ಹಡಗಿನ ಯೋಚನೆ ಮಾಡುತ್ತಿದ್ದೆ. ಹಿಂತಿರುಗಿದಾಗ ಅವರ ಚೀಲದಿಂದ ಒಣಮೀನಿನ ವಾಸನೆ ಮೆಟ್ಟಿಲ ತುಂಬ ಹರಡುತ್ತಿತ್ತು. ನಿಮ್ಮ ತಾತನಿಗೆ ಒಂದು ಪಾಲು ಬರುತ್ತಿತ್ತು.

ತಾತ ತೀರಿಕೊಂಡದ್ದು ಬೇಸಿಗೆಯಲ್ಲಿ. ಬೂದಿ ಬಿಡಲು ಕನಕಪುರ ದಾಟಿ, ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮಕ್ಕೆ ಹೋದರು. ಹೆಂಗಸರು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ನಾನು ಮಾತಾಡದೆ ವ್ಯಾನು ಹತ್ತಿ ಕುಳಿತೆ. ಯಾರೂ ಇಳಿಸಲಿಲ್ಲ. ನದಿಯಲ್ಲಿ ನೀರು ಕಡಿಮೆ. ನಿಮ್ಮಪ್ಪ ಮಡಕೆ ಬಗ್ಗಿಸಿದ. ಬೂದಿ ಸ್ವಲ್ಪ ದೂರ ತೇಲಿತು, ಮೂಳೆಯ ಚೂರುಗಳು ಮಾತ್ರ ಅಲ್ಲೇ ಕಲ್ಲುಗಳ ನಡುವೆ ಇಳಿದು ನಿಂತವು. ಬಿಳಿಯ ಚೂರುಗಳು. ಮೇಲೆ ಬಂಡೆಯ ಮೇಲೆ ಕುಳಿತಿದ್ದ ನನಗೆ ಚೆನ್ನಾಗಿ ಕಾಣುತ್ತಿತ್ತು. ನನ್ನ ಮೈದುನ, “ಆಯ್ತು ನಡೀರಪ್ಪಾ, ಹಿಂದಕ್ಕೆ ತಿರುಗಬಾರ್ದು” ಎಂದು ಅವಸರ ಮಾಡಿದ. ಎಲ್ಲರೂ ಹೊರಟರು. ಅವು ಹೋಗಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ...

ಅಂದಿನಿಂದ ನನಗೆ ಅದೇ ಒಂದು ಚಿಂತೆ ಹಿಡಿಯಿತು. ನಿಮ್ಮ ತಾತ ಮುಂದೆ ಹೋದರೋ, ಇಲ್ಲವೋ. ಅನ್ನ ಬಸಿಯುವಾಗ ಗಂಜಿ ಹರಿಯುವುದನ್ನು ನೋಡಿದರೂ ಅದೇ. ಮನೆಯಲ್ಲಿ ಯಾರಿಗೆ ಹೇಳಿದರೂ ಸಮಾಧಾನ ಮಾಡುತ್ತಾರೆ, ಉತ್ತರ ಕೊಡುವುದಿಲ್ಲ ಎಂದು ಗೊತ್ತಿತ್ತು. ಕೊನೆಗೆ ಒಂದು ದಿನ ಮಹಡಿಯಲ್ಲಿ ಬಟ್ಟೆ ಹರವುವಾಗ ಮೇಡಂ ಅವರನ್ನು ಕೇಳಿದೆ. ಮೂಳೆ ನೀರಿನಲ್ಲಿ ಕರಗುತ್ತದೆಯೇ, ಕರಗಿದರೆ ಸಮುದ್ರ ಮುಟ್ಟುತ್ತದೆಯೇ.

ಅವರು ಕೈಯಲ್ಲಿದ್ದ ಟೀ ಲೋಟವನ್ನು ಗೋಡೆಯ ಮೇಲಿಟ್ಟರು. “ಇಂಥ ಪ್ರಶ್ನೆ ನನ್ನ ಯಾರೂ ಕೇಳಿರ್ಲಿಲ್ಲ ಆಂಟಿ. ನಮ್ಮ ಸಾಹೇಬ್ರು ಕೇಳೋದು ಒಂದೇ, ರಿಪೋರ್ಟ್ ಯಾವಾಗ ಅಂತ.”

ಆಮೇಲೆ ನಿಧಾನವಾಗಿ ತಿಳಿಸಿದರು. ನನಗೆ ಅರ್ಥವಾದಷ್ಟು ಬರೆಯುತ್ತೇನೆ. ನಮ್ಮ ಮೈಯಲ್ಲಿ ಇಂಗಾಲವಿದೆ, ಅಂದರೆ ಇದ್ದಿಲಿನಲ್ಲಿರುವುದು. ಮೂಳೆಯಲ್ಲಿ ರಂಜಕವಿದೆ, ಅದನ್ನೇ ಫಾಸ್ಫರಸ್ ಎನ್ನುವುದು. ಸುಟ್ಟಾಗ ಇಂಗಾಲ ಹೊಗೆಯ ಜೊತೆ ಗಾಳಿಗೆ ಸೇರುತ್ತದೆ. ಗಾಳಿಯಿಂದ ಒಂದಷ್ಟನ್ನು ಸಮುದ್ರ ತನ್ನೊಳಗೆ ಎಳೆದುಕೊಳ್ಳುತ್ತದೆ. ರಂಜಕಕ್ಕೆ ಗಾಳಿಯ ದಾರಿಯಿಲ್ಲ. ಅದು ಬೂದಿಯಲ್ಲಿ, ಮೂಳೆಯಲ್ಲಿ ಉಳಿದು, ನೀರಿನ ಜೊತೆ ಸವೆಯುತ್ತ, ಕರಗುತ್ತ ಹೋಗಬೇಕು. ಸಮುದ್ರದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಸಸ್ಯಗಳಿವೆಯಂತೆ. ಅವು ಬೆಳೆಯಲು ಎರಡೂ ಬೇಕು, ಇಂಗಾಲ ರಾಶಿ ರಾಶಿ, ರಂಜಕ ಒಂದು ಚಿಟಿಕೆ. ಆ ಸಸ್ಯಗಳನ್ನು ಹುಳುಗಳು ತಿನ್ನುತ್ತವೆ, ಹುಳುಗಳನ್ನು ಮೀನು. ಸತ್ತದ್ದೆಲ್ಲ ಹಿಟ್ಟು ಜರಡಿಯಿಂದ ಉದುರಿದಂತೆ ಕತ್ತಲೆಯ ತಳಕ್ಕೆ ಉದುರುತ್ತ ಇರುತ್ತದೆ. ಬಹುಪಾಲು ದಾರಿಯಲ್ಲೇ ಮತ್ತೆ ಕರಗುತ್ತದೆ. ತಳದ ಆ ನೀರು ಕೆಲವು ಕಡೆ, ಕೆಲವು ಕಾಲದಲ್ಲಿ, ಮೇಲೆ ಏಳುತ್ತದೆ. ಆಗ ಮತ್ತೆ ಹಸಿರು, ಮತ್ತೆ ಮೀನು. ನಮ್ಮ ಪಡುವಣ ಕರಾವಳಿಯಲ್ಲಿ ಅದು ಮಳೆಗಾಲದಲ್ಲಿ ಆಗುತ್ತದೆಯಂತೆ. ಕಾವೇರಿ ಸೇರುವುದು ಮೂಡಣ ಸಮುದ್ರವಾದರೂ ಸಮುದ್ರಗಳ ನೀರು ಒಂದಕ್ಕೊಂದು ಕೂಡಿದೆಯಂತೆ.

ಹೊಗೆಯಾಗಿ ಹೋದವರೂ ಬೂದಿಯಾಗಿ ಉಳಿದವರೂ ಅಲ್ಲಿ ಸೇರುತ್ತಾರೆ ಎಂದು ನಾನು ತಿಳಿದುಕೊಂಡೆ. ಎದೆ ಸ್ವಲ್ಪ ಹಗುರವಾಯಿತು. ಹೋಗುವಾಗ ಅವರು ಇನ್ನೊಂದು ಮಾತು ಹೇಳಿದರು. ಈ ಊರಿನ ಬಚ್ಚಲ ನೀರಿನಲ್ಲೂ ಸೋಪಿನ ಪುಡಿಯ ರಂಜಕವಿದೆ, ಅದರಲ್ಲಿ ಎಷ್ಟೋ ಪಾಲು ವೃಷಭಾವತಿ ಸೇರಿ, ಅರ್ಕಾವತಿ ಸೇರಿ, ಅದೇ ಸಂಗಮಕ್ಕೆ ಬರುತ್ತದೆ ಎಂದರು.

ಅಲ್ಲಿಂದ ಶುರುವಾಯಿತು. ಅಷ್ಟು ಸೋಪಿನ ನೀರು ನುಗ್ಗಿಬಂದರೆ ನಿಮ್ಮ ತಾತನಿಗೆ ದಾರಿ ಎಲ್ಲಿ? ಮೊದಲೇ ಅವರು ಬಸ್ಸಿನಲ್ಲಿ ಯಾರನ್ನೂ ನೂಕದೆ ಕೊನೆಗೆ ಹತ್ತುವ ಮನುಷ್ಯ. ನಾನು ಬಟ್ಟೆ ಒಗೆದ ನೀರನ್ನು ಮೋರಿಗೆ ಬಿಡದೆ ಬಕೆಟ್ಟಿನಲ್ಲಿ ಹೊತ್ತು ತೆಂಗಿನ ಬುಡಕ್ಕೆ ಸುರಿಯತೊಡಗಿದೆ. ನಿಮ್ಮಮ್ಮ ಎರಡು ಸಲ ಅಂಗಳದಲ್ಲಿ ಜಾರಿದಳು. “ಅತ್ತೆ, ಮೋರಿ ಕಟ್ಸಿರೋದು ಯಾಕೆ ಹೇಳಿ? ತೆಂಗಿನ ಮರಕ್ಕೂ ಬಟ್ಟೆ ಹಾಕ್ಸಿ ಒಗೀತೀರಾ?” ಎಂದು ಕೇಳಿದಳು. ನಾನು ಮುಂದಿನ ಬಕೆಟ್ಟು ಎತ್ತಿದೆ.

ವರ್ಷದ ತಿಥಿ ಕಳೆದು ಪಿತೃಪಕ್ಷ ಬಂತು. ಮಹಾಲಯ ಅಮಾವಾಸ್ಯೆಗೆ ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಇಡಬೇಕು. ತಾತನಿಗೆ ಬಂಗಡೆ ಮೀನಿನ ಸಾರು ಎಂದರೆ ಪ್ರಾಣ. “ನಾಳೆ ಬೆಳಿಗ್ಗೆ ಬಂಗಡೆ ತರ್ತೀನಿ ಕಣಮ್ಮ” ಎಂದು ನಿಮ್ಮಪ್ಪ ಹೇಳಿದ ಕೂಡಲೇ ಹೆಚ್ಚುತ್ತಿದ್ದ ಈರುಳ್ಳಿಯನ್ನು ಅಲ್ಲೇ ಬಿಟ್ಟೆ. ಮೀನಿನಲ್ಲಿ ಅವರೇ ಇದ್ದರೆ? ಅವರನ್ನೇ ಅವರಿಗೆ ಬಡಿಸುವುದೇ? ಆಮೇಲೆ ಅದೇ ಸಾರನ್ನು ಮಕ್ಕಳಿಗೆ ಹಾಕುವುದೇ?

ಸೆರಗು ಹೊದ್ದು ಮೆಟ್ಟಿಲು ಹತ್ತಿದೆ. ಹೇಳುವಾಗ ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಮೇಡಂ ನಗಲಿಲ್ಲ.

“ಇಷ್ಟು ಬೇಗ ಸಮುದ್ರ ಮುಟ್ಟಿರೋದು ಕಷ್ಟ ಆಂಟಿ. ಮೂಳೆ ಕರಗೋಕೇ ಬಹಳ ಕಾಲ ಬೇಕು. ದಾರೀಲಿ ಮೆಟ್ಟೂರು ಅಣೆಕಟ್ಟು ಬೇರೆ ಇದೆ. ಅದರ ಕೆಸರಲ್ಲಿ ಎಷ್ಟೋ ನಿಂತ್ಬಿಡುತ್ತೆ.”

“ಹಾಗಾದ್ರೆ ಮುಟ್ಟೇ ಇಲ್ವಾ?” ಎಂದು ಕೇಳಿದೆ.

ಅವರಿಗೆ ನನ್ನ ಸಂಕಟ ಅರ್ಥವಾಯಿತು. ಮುಟ್ಟಿಲ್ಲ ಎಂದರೆ ಮೀನು ಬಡಿಸಬಹುದು, ಆದರೆ ನಿಮ್ಮ ತಾತ ಎಲ್ಲೋ ಕೆಸರಿನಲ್ಲಿ ಸಿಕ್ಕಿಕೊಂಡಿದ್ದಾರೆ. ಮುಟ್ಟಿದ್ದಾರೆ ಎಂದರೆ ನನ್ನ ಚಿಂತೆ ತೀರಿತು, ಆದರೆ ಎಡೆಯಲ್ಲಿ ಮೀನಿಲ್ಲ. ಯಾವುದಾದರೂ ಒಂದನ್ನು ಹೇಳಿ ನನ್ನನ್ನು ಕೆಳಗೆ ಕಳಿಸಬಹುದಿತ್ತು. ಹಾಗೆ ಮಾಡದೆ ಮೇಡಂ ಕುರ್ಚಿ ಎಳೆದು ನನ್ನನ್ನು ಕೂರಿಸಿದರು.

“ಪುಡಿಯಾಗಿದ್ದು ಒಂಚೂರು ಕರಗಿ ಹೋಗಿರಬಹುದು. ಉಳಿದಿದ್ದು ಎಲ್ಲಿದೆ ಅಂತ... ಗೊತ್ತಿಲ್ಲ ಆಂಟಿ. ನಿಜವಾಗ್ಲೂ ಗೊತ್ತಿಲ್ಲ.” ಆಮೇಲೆ ಕೇಳಿದರು. “ಅಂಕಲ್ ಮೀನಿನ ಮುಳ್ಳು ಉಗೀತಿದ್ರಾ?”

“ಎಲ್ಲಿ ಉಗೀತಾರೆ! ಸಣ್ಣ ಮುಳ್ಳಾದ್ರೆ ಕಟಕಟ ಅಗಿದು ನುಂಗ್ತಿದ್ರು.”

“ಮತ್ತೆ? ಆ ಮುಳ್ಳಿನ ರಂಜಕ ಅವರ ಮೂಳೆಗೇ ಹೋಗಿರೋದು. ಹಿಂದೆ ಬೇಸಾಯ ಇದ್ದಾಗ ಹೊಲಕ್ಕೆ ಗೊಬ್ಬರದ ಚೀಲ ತರ್ತಿದ್ರಲ್ಲ, ಅದರಲ್ಲಿರೋದೂ ಯಾವುದೋ ಕಾಲದಲ್ಲಿ ಸಮುದ್ರದ ತಳ ಆಗಿದ್ದ ಕಲ್ಲೇ. ಅದು ರಾಗಿಗೆ ಹೋಗಿ, ಮುದ್ದೆಗೆ ಬಂದು... ಅವರು ಸಮುದ್ರದಿಂದ ಬಂದವರೇ ಆಂಟಿ. ಅಷ್ಟು ಮಾತ್ರ ನನಗೆ ಗೊತ್ತು.”

ನಾನು ಇಳಿದು ಬಂದೆ. ಮೀನು ತರಬೇಡ ಎಂದು ಹೇಳಲಿಲ್ಲ. ಅಮಾವಾಸ್ಯೆಯ ದಿನ ಸಾರನ್ನು ನಿಮ್ಮಮ್ಮನ ಕೈಗೆ ಬಿಡದೆ ನಾನೇ ಮಾಡಿದೆ. ಎಡೆ ಇಟ್ಟಾಗ ಕಣ್ಣುಮುಚ್ಚಿ, ಎಲ್ಲಿದ್ದರೂ ಉಣ್ಣಿ ಎಂದೆ. ಊಟಕ್ಕೆ ಮೇಡಂ ಅವರನ್ನೂ ಕರೆದಿದ್ದೆ. ಎಲ್ಲರೂ ತಿನ್ನುತ್ತಿದ್ದರು, ನನ್ನ ಕೈ ಮಾತ್ರ ಬಾಯಿಗೆ ಹೋಗುತ್ತಿರಲಿಲ್ಲ. ಪಕ್ಕದಲ್ಲಿದ್ದ ಅವರು ತಮ್ಮ ಎಲೆಯಲ್ಲಿದ್ದ ತುಂಡನ್ನು ಮುಗಿಸಿ, ನನ್ನ ಕಡೆ ಬಗ್ಗಿ, “ಉಪ್ಪು ಒಂಚೂರು ಜಾಸ್ತಿ ಆಯ್ತು, ಸಮುದ್ರದ ಮೇಲೆ ಧ್ಯಾನ ಇತ್ತಾ?” ಎಂದು ಪಿಸುಗುಟ್ಟಿದರು. ನಗು ಬಂದುಬಿಟ್ಟಿತು. ನಗುತ್ತಲೇ ಒಂದು ತುತ್ತು ಒಳಗೆ ಹೋಯಿತು. ಕಣ್ಣಲ್ಲಿ ನೀರು ಬಂದದ್ದನ್ನು ಖಾರವೆಂದು ಎಲ್ಲರೂ ತಿಳಿದರು.

ಎರಡು ವರ್ಷದ ಮೇಲೆ ಅವರಿಗೆ ಕರಾವಳಿಗೆ ವರ್ಗವಾಯಿತು. ಪ್ರತಿ ಮಳೆಗಾಲ ಫೋನ್ ಮಾಡಿ, “ತಳದ ನೀರು ಮೇಲೆ ಬರ್ತಿದೆ ಆಂಟಿ” ಎನ್ನುತ್ತಿದ್ದರು. ಸಮುದ್ರ ಮುಟ್ಟಿದರೇ ಎಂದು ನಾನು ಕೇಳುತ್ತಿದ್ದೆ. ಇನ್ನೂ ಗೊತ್ತಿಲ್ಲ ಎನ್ನುತ್ತಿದ್ದರು. ಒಂದು ಮಳೆಗಾಲ ಫೋನ್ ಬರಲಿಲ್ಲ. ದಿನವೂ ಕಾದು, ಹೆದರಿ, ಕೊನೆಗೆ ನಾನೇ ಮಾಡಿಸಿದೆ. ಅವರ ತಮ್ಮನ ಮಗಳು ಎತ್ತಿಕೊಂಡಳು. ಕಾಯಿಲೆಯಾಗಿತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ... ಬೂದಿಯನ್ನು ಕಾಳಿ ನದಿ ಸಮುದ್ರ ಸೇರುವಲ್ಲೇ ಬಿಟ್ಟರಂತೆ. ಅವರಿಗೆ ಮುಂದೆ ಅಣೆಕಟ್ಟಿನ ಕಾಟವಿರಲಿಲ್ಲ. ಹಾಗೆಂದುಕೊಂಡು ಸಮಾಧಾನ ಮಾಡಿಕೊಳ್ಳಲು ಹೋದೆ, ಆಗಲಿಲ್ಲ.

ಈ ವರ್ಷದ ಅಮಾವಾಸ್ಯೆ ಹತ್ತಿರ ಬಂತು. ಮೀನು ತರಲೇ ಎಂದು ನಿಮ್ಮಪ್ಪ ಬೆಳಿಗ್ಗೆ ಕೇಳಿದ. ತಾ ಎಂದೆ. ಎಂದ ಮೇಲೆ ಎಂದಿನಂತೆ ಅದೇ ಹಳೆಯ ದಿಗಿಲು ಶುರುವಾಯಿತು. ಗೋಡೆ ಹಿಡಿದು ಮೇಲಿನ ಮನೆಯವರೆಗೆ ಹೋದೆ. ಅಲ್ಲಿ ಈಗಿರುವ ಹುಡುಗಿಯರು ಕೆಲಸಕ್ಕೆ ಹೋಗಿದ್ದರು, ಬಾಗಿಲಿಗೆ ಬೀಗವಿತ್ತು. ಮೇಡಂ ಇದ್ದಿದ್ದರೂ ಗೊತ್ತಿಲ್ಲ ಎಂದೇ ಹೇಳುತ್ತಿದ್ದರು. ಅದನ್ನು ಅವರ ಬಾಯಿಂದ ಕೇಳುವುದಕ್ಕೇ ನಾನು ಅಷ್ಟೂ ಮೆಟ್ಟಿಲು ಹತ್ತುತ್ತಿದ್ದೆ.