ನಮ್ಮ ಕೈಗಳ ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ

ಪವಾಡ, ಗಾಳಿ ಸೋಕುವುದು, ದೇವರ ಆಟ ಇವು ಯಾವುದನ್ನೂ ನಾನು ನಂಬಿದವಳಲ್ಲ. ಸೂಕ್ಷ್ಮಜೀವಿ ವಿಜ್ಞಾನ ಪಾಠ ಮಾಡುವುದೇ ನನ್ನ ವೃತ್ತಿ. ಬೇರೆ ಯಾರಾದರೂ ಈ ಕಥೆ ಹೇಳಿದ್ದರೆ ಅರ್ಧಕ್ಕೇ ಎದ್ದು ಹೋಗುತ್ತಿದ್ದೆ. ಹಾಗಾಗಿ ನೀವು ನಕ್ಕರೂ ನನಗೆ ಬೇಸರವಿಲ್ಲ. ಅದು ನೆನಪಾದಾಗ ಇಂದಿಗೂ ನನಗೆ ಭಯವಾಗುವುದಿಲ್ಲ, ಹೇಸಿಗೆಯಾಗುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸು ನಾನು ಭದ್ರಾವತಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಅಪ್ಪ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದಲ್ಲಿದ್ದರು. ನಮ್ಮ ಕೇರಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನು. ಆ ಬೇಸಿಗೆಯಲ್ಲಿ ಶಿವಮೊಗ್ಗದ ಒಂದು ಕಾಲೇಜಿನವರು ದಲಿತ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವೈದ್ಯಕೀಯ ಸಂಶೋಧನೆಯ ತರಬೇತಿ ಇಟ್ಟಿದ್ದರು. ಚೆನ್ನಾಗಿ ಮುಗಿಸಿದವರಿಗೆ ಮುಂದೆ ದೊಡ್ಡ ಲ್ಯಾಬ್ ಒಂದರಲ್ಲಿ ಕೆಲಸ ಕಲಿಯುವ ಅವಕಾಶವಿತ್ತು. ನನಗೆ ಬೇಕಾಗಿದ್ದದ್ದು ಅದೇ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಕುಂಸಿಯಿಂದ ಬರುತ್ತಿದ್ದ ಮಂಜುಳಾ ನನ್ನ ಜೊತೆಗಾತಿ.

ತರಬೇತಿಯ ಹೊಣೆ ಹೊತ್ತ ಸರ್ ಮಾತಿನಲ್ಲಿ ತುಂಬ ನಯ. ಆದರೆ ನಾವು ಮುಟ್ಟಿದ ಮೈಕ್ರೋಸ್ಕೋಪನ್ನು ಸ್ಪಿರಿಟ್ ಹಚ್ಚಿ ಒರೆಸದೆ ಅವರು ಮುಟ್ಟುತ್ತಿರಲಿಲ್ಲ. ಒಂದು ದಿನ ನಮ್ಮಿಂದ ಬೆಳಿಗ್ಗೆಯೆಲ್ಲ ಬಿಳಿ ಇಲಿಗಳ ಗೂಡು ತೊಳೆಸಿ, ಕೈ ತೊಳೆಯುವ ಮೊದಲೇ ಕರೆದರು.

"ನೋಡ್ರಮ್ಮ, ನಿಮ್ಮ ಕಡೆ ಮನೆಗಳಲ್ಲಿ ಕ್ಲೀನ್ ಕಮ್ಮಿ. ನಿಮ್ಮ ತಪ್ಪಲ್ಲ ಬಿಡಿ, ಅಭ್ಯಾಸ. ತರಬೇತಿ ನೋಡೋಕೆ ಕಮಿಟಿಯೋರು ಬಂದಾಗ ಮೊದಲು ನಿಮ್ಮ ಕೈ ತೋರಿಸ್ತೀನಿ, ಆಮೇಲೆ ನನ್ನ ಕೈ. ವ್ಯತ್ಯಾಸ ಅವರೇ ನೋಡ್ಲಿ," ಎಂದರು.

ಬ್ಯಾಕ್ಟೀರಿಯಾ ಬೆಳೆಸಲು ಅಗರ್ ಎಂಬ ಗಟ್ಟಿ ಲೋಳೆ ಹಾಕಿದ ಗಾಜಿನ ತಟ್ಟೆಗಳಿರುತ್ತವೆ. ಅವುಗಳ ಮೇಲೆ ನಾವೆಲ್ಲ ಆ ಗಬ್ಬು ಕೈಗಳನ್ನು ಒತ್ತಿದೆವು. ಸರ್ ಸೋಪು ಹಾಕಿ ತೊಳೆದು, ಸ್ಪಿರಿಟ್ ಉಜ್ಜಿ, ಕೊನೆಯ ತಟ್ಟೆಯ ಮೇಲೆ ತಮ್ಮ ಕೈ ಒತ್ತಿದರು. ಎಲ್ಲವನ್ನೂ ಬೆಚ್ಚಗಿನ ಪೆಟ್ಟಿಗೆಯೊಳಗೆ ಇಟ್ಟೆವು.

ಮರುದಿನ ಪೆಟ್ಟಿಗೆ ತೆರೆದಾಗ, ಬೀರುವಿನ ಹಿಂದೆ ಸತ್ತ ಇಲಿ ಕೊಳೆತಂಥ ವಾಸನೆ ಮುಖಕ್ಕೆ ಹೊಡೆಯಿತು. ಮಂಜುಳಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಓಕರಿಸಿದಳು. ನಮ್ಮ ತಟ್ಟೆಗಳು ಮಾತ್ರ ಹಿಂದಿನ ದಿನ ಹೇಗಿದ್ದವೋ ಹಾಗೇ ಇದ್ದವು. ಒಂದು ಚುಕ್ಕೆಯೂ ಇಲ್ಲ. ಸರ್ ತಟ್ಟೆಯಲ್ಲಿ ಐದು ಬೆರಳಿನ ಆಕಾರಕ್ಕೆ ಸರಿಯಾಗಿ ಹಸಿರುಗಪ್ಪು ಲೋಳೆ ಉಬ್ಬಿ, ಮುಚ್ಚಳದಾಚೆಗೆ ಜಿನುಗುತ್ತಿತ್ತು.

"ಯಾರೋ ತಟ್ಟೆ ಬದಲಾಯಿಸಿದ್ದೀರಿ! ಒಪ್ಪಿಕೊಳ್ಳಿ, ಇಲ್ಲಾಂದ್ರೆ ಎಲ್ಲರನ್ನೂ ಮನೆಗೆ ಕಳಿಸ್ತೀನಿ," ಎಂದು ಸರ್ ಕೂಗಾಡಿದರು. ಮಂಜುಳಾ ಬಾಯಿ ಒರೆಸಿಕೊಂಡು ಹೇಳಿದಳು: "ಇನ್ನೊಂದ್ಸಲ ಮಾಡೋಣ ಸರ್. ಈ ಸಲ ಬೀಗ ನೀವೇ ಹಾಕ್ಕೊಳ್ಳಿ."

ಹಾಗೇ ಆಯಿತು. ಹೊಸ ಅಗರ್ ಅವರೇ ಕುದಿಸಿದರು, ಹೆಸರು ಅವರೇ ಬರೆದರು, ಕೋಣೆಗೆ ಬೀಗ ಹಾಕಿ ಕೀ ಮನೆಗೆ ಒಯ್ದರು. ನಾನು ಬೇಕೆಂದೇ ಇಲಿಗಳ ಹಿಕ್ಕೆ ತುಂಬಿದ ಹೊಟ್ಟಿನಲ್ಲಿ ಕೈ ಆಡಿಸಿ ತಟ್ಟೆ ಒತ್ತಿದ್ದೆ. ಏನಾದರೂ ಬೆಳೆಯಲಿ, ಮನೆಗೆ ಕಳಿಸದಿರಲಿ ಎಂಬುದೇ ನನ್ನ ಆಸೆ.

ಮರುದಿನ ಬೀಗ ತೆಗೆಯುವ ಮೊದಲೇ ಬಾಗಿಲಾಚೆಗೆ ಆ ವಾಸನೆ ಬಂತು. ಸರ್ ತಟ್ಟೆಯಲ್ಲಿ ಮತ್ತೆ ಅದೇ ಲೋಳೆ ಉಬ್ಬಿತ್ತು. ನಮ್ಮ ತಟ್ಟೆಗಳಲ್ಲಿ ಮತ್ತೆ ಏನೂ ಇರಲಿಲ್ಲ. ನನ್ನ ತಟ್ಟೆಯಲ್ಲಿ ಅಂಗೈಯ ಗೆರೆಗಳು ಕೂಡ ಸ್ಪಷ್ಟವಾಗಿ ಮೂಡಿದ್ದವು, ಅಷ್ಟೇ. ಸರ್ ತಮ್ಮ ಅಂಗೈಯನ್ನು ಮೂಗಿನ ಹತ್ತಿರ ಒಯ್ದು ಮೂಸಿದರು. ಆಮೇಲೆ ನಲ್ಲಿಯ ಹತ್ತಿರ ಹೋಗಿ, ಊಟದ ಬೆಲ್ಲು ಹೊಡೆಯುವವರೆಗೂ ತೊಳೆಯುತ್ತಲೇ ನಿಂತಿದ್ದರು.

ಕಮಿಟಿಯವರು ಬಂದಾಗ ತಟ್ಟೆಗಳ ಸುದ್ದಿಯೇ ಬರಲಿಲ್ಲ. ನಮ್ಮನ್ನು ಮನೆಗೂ ಕಳಿಸಲಿಲ್ಲ. ತರಬೇತಿ ಮುಗಿಯಿತು, ನನಗೂ ಮಂಜುಳಾಗೂ ಮುಂದಿನ ಅವಕಾಶ ಸಿಕ್ಕಿತು. ಉಳಿದ ದಿನಗಳಲ್ಲಿ ಸರ್ ಊಟದ ಡಬ್ಬಿ ಬಿಚ್ಚಿ, ತುತ್ತು ಬಾಯಿಯ ಹತ್ತಿರ ಒಯ್ದು, ಹಾಗೇ ಮುಚ್ಚಿಡುವುದನ್ನು ಎಷ್ಟೋ ಸಲ ನೋಡಿದೆ. ನನಗೆ ಕನಿಕರ ಹುಟ್ಟಲಿಲ್ಲ.

"ದೇವರು ಕಣ್ಣು ಬಿಟ್ಟ ಮಾರಾಯ್ತಿ," ಎಂದು ಮಂಜುಳಾ ಬಸ್‌ಸ್ಟ್ಯಾಂಡಿನಲ್ಲಿ ನಕ್ಕಳು. ನನಗೆ ನಗು ಬರಲಿಲ್ಲ. ಸರ್ ತಟ್ಟೆಯ ಬಗ್ಗೆ ಏನಾದರೂ ಕಾರಣ ಹೇಳಬಹುದು: ಸೋಪು ಕೆಟ್ಟಿರಬಹುದು, ಉಗುರಿನ ಸಂದಿಯಲ್ಲಿ ಏನೋ ಇದ್ದಿರಬಹುದು. ಆದರೆ ನಮ್ಮ ಕೈಗಳು? ಬದುಕಿರುವ ಮನುಷ್ಯರ ಕೈಯ ಮೇಲೆ ಏನಾದರೂ ಇದ್ದೇ ಇರಬೇಕು. ಹೆಣದ ಕೈಯ ಮೇಲೂ ಇರುತ್ತದೆ. ಅಂದು ಭದ್ರಾವತಿಯವರೆಗೂ ನನ್ನ ಕೈಗಳನ್ನು ನನ್ನ ಮಡಿಲ ಮೇಲೆ ಇಟ್ಟುಕೊಳ್ಳಲು ಅಸಹ್ಯವಾಯಿತು.

ಈಗ ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಿಂದ ಇದೇ ಪ್ರಯೋಗ ಮಾಡಿಸುತ್ತೇನೆ, ಎಲ್ಲರ ಜೊತೆ ನನ್ನ ಕೈಯನ್ನೂ ಒತ್ತುತ್ತೇನೆ. ಪ್ರತಿ ವರ್ಷವೂ ಎಲ್ಲರದ್ದೂ ಬೆಳೆಯುತ್ತದೆ. ನನ್ನ ತಟ್ಟೆಯ ಮೇಲಿನ ಹಳದಿ ಚುಕ್ಕೆಗಳನ್ನು ಕಂಡಾಗಲೇ ನನಗೆ ಉಸಿರು ಬರುವುದು. ಆಗ ಯಾಕೆ ಬೆಳೆಯಲಿಲ್ಲ ಎಂದು ಯಾರಾದರೂ ಕೇಳಿದರೆ, ನನಗೆ ಗೊತ್ತಿಲ್ಲ.