ರಂಗೋಲಿಯ ಕೆಳಗಿನ ಗಾಲಿಕುರ್ಚಿ

ನಾನು ಜಗಳಗಂಟ. ಇದು ನಮ್ಮ ಮನೆಯವರೆಲ್ಲ ಒಪ್ಪುವ ಮಾತು. ಚಿಕ್ಕಂದಿನಲ್ಲಿ ಶಿವನಿಯ ರೈಲು ನಿಲ್ದಾಣದಲ್ಲಿ ಟಿಕೆಟ್ ಸಾಲಿಗೆ ಯಾರಾದರೂ ನಡುವೆ ನುಗ್ಗಿದರೆ ಮೊದಲು ಬಾಯಿ ಮಾಡುತ್ತಿದ್ದವನು ನಾನೇ. ಅಂಥವನಿಗೆ ದೇವರು ಹುಡುಕಿ ಹುಡುಕಿ, ಜಗಳವಾಡಿದರೆ ನಾಲಗೆ ಸೋತುಹೋಗುವ ಕಾಯಿಲೆ ಕೊಟ್ಟ.

ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ನಾನು ಹೇಳುವಷ್ಟರಲ್ಲಿ ಕೇಳುವವರ ಗಮನ ಬೇರೆ ಕಡೆ ಹೋಗಿರುತ್ತದೆ, ಆದ್ದರಿಂದ ಹೇಳುವುದನ್ನು ಬಿಟ್ಟಿದ್ದೇನೆ. ಸ್ನಾಯುಗಳು ಬಳಸಿದಷ್ಟೂ ಸೋಲುತ್ತವೆ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತವೆ, ಇಷ್ಟೇ ವಿಷಯ. ಮಾತ್ರೆ ನುಂಗಿ ಕಾರಿನಲ್ಲಿ ಕೂತರೆ ಅಜ್ಜಂಪುರದಿಂದ ಬೀರೂರು ದಾಟಿ ಕಡೂರಿಗೆ ಆರಾಮಾಗಿ ಬರುತ್ತೇನೆ. ಡಾಕ್ಟರರೂ ಕಾರು ಓಡಿಸಲು ಅಡ್ಡಿಯಿಲ್ಲ ಎಂದಿದ್ದಾರೆ. ಆದರೆ ಬಿಸಿಲಲ್ಲಿ ಒಂದು ಬೀದಿ ನಡೆದರೆ ಕಾಲು ನನ್ನದಲ್ಲ. ಆಮೇಲೆ ರೆಪ್ಪೆ ಜೋಲುತ್ತದೆ, ಕೊನೆಗೆ ಮಾತು ತೊದಲುತ್ತದೆ. ಕೂತಾಗ ನೋಡಿದವರಿಗೆ ನಾನು ಗಟ್ಟಿಮುಟ್ಟಾದ ಆಳು. ಹೆಂಡತಿ ಮಾಡಿದ ರಾಗಿಮುದ್ದೆಯ ಋಣ, ಮೈಯಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಕಡೂರಿನಲ್ಲಿ ನನ್ನದು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವ ಕೆಲಸ. ನಮ್ಮ ಟ್ಯುಟೋರಿಯಲ್ ಇರುವುದು ಒಂದು ವಾಣಿಜ್ಯ ಕಟ್ಟಡದ ಮೇಲ್ಮಹಡಿಯಲ್ಲಿ. ಕೆಳಗೆ ಸಿಹಿತಿಂಡಿ ಅಂಗಡಿ, ಪಕ್ಕದಲ್ಲಿ ಹಲ್ಲಿನ ಡಾಕ್ಟರು. ಲಿಫ್ಟಿನ ಬಾಗಿಲಿಗೆ ಹತ್ತಿರವಾಗಿ ಒಂದೇ ಒಂದು ಕಾರು ನಿಲ್ಲುವಷ್ಟು ಜಾಗಕ್ಕೆ ನೀಲಿ ಬಣ್ಣ ಬಳಿದು, ಬಿಳಿಯಲ್ಲಿ ಗಾಲಿಕುರ್ಚಿಯ ಚಿತ್ರ ಬರೆದಿದ್ದಾರೆ. ನನ್ನಂಥವರಿಗೆ ಮೀಸಲು. ನನ್ನ ಹತ್ತಿರ ಅದಕ್ಕೆ ಬೇಕಾದ ಕಾರ್ಡೂ ಇದೆ. ಅಲ್ಲಿ ಕಾರು ನಿಲ್ಲಿಸಿದರೆ ನಾಲ್ಕು ಹೆಜ್ಜೆಗೆ ಲಿಫ್ಟು, ಆಮೇಲೆ ಕ್ಲಾಸಿನ ಕುರ್ಚಿ, ಪಾಠ ಮುಗಿಯುವವರೆಗೂ ದನಿ ಇರುತ್ತದೆ. ಅಲ್ಲಿ ಜಾಗ ಸಿಗದೆ ಬಸ್ ನಿಲ್ದಾಣದ ಕಡೆ ನಿಲ್ಲಿಸಿ ನಡೆದು ಬಂದೆನೋ, ಪಾಠ ಅರ್ಧಕ್ಕೇ ನಿಂತಿತು ಎಂದೇ ಲೆಕ್ಕ.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಆ ಜಾಗದಲ್ಲಿ ಯಾರ್ಯಾರು ನಿಲ್ಲಿಸಿದ್ದಾರೆ ಅಂದರೆ, ಹೇಳುವಾಗಲೂ ಮೈ ಉರಿಯುತ್ತದೆ. ಚೌಳಹಿರಿಯೂರಿನ ಕಡೆಯಿಂದ ಮದುವೆಗೆ ಲಾಡು ಒಯ್ಯಲು ಬಂದ ಜೀಪು, ಹಲ್ಲು ಕೀಳಿಸಿಕೊಳ್ಳಲು ಬಂದವರ ಸ್ಕೂಟರು, ಒಮ್ಮೆ ನೀರಿನ ಟ್ಯಾಂಕರು. ಕೇಳಿದರೆ ಎಲ್ಲರದೂ ಒಂದೇ ಉತ್ತರ, ಎರಡೇ ನಿಮಿಷ ಸಾರ್. ಈ ಎರಡು ನಿಮಿಷದಲ್ಲಿ ನಾನು ಹೊಟ್ಟೆ ತುಂಬ ಸಿಟ್ಟು ಬೇಯಿಸಿಕೊಂಡು, ಒಂದು ಸುತ್ತು ಹಾಕಿ ಬಂದರೂ ಜೀಪು ಅಲ್ಲೇ ಇರುತ್ತಿತ್ತು. ಕಾರ್ಡಿನ ಜೆರಾಕ್ಸು ಕಾರಿನ ಗಾಜಿಗೆ ಅಂಟಿಸಿದೆ. ಒಬ್ಬರು ಅದನ್ನು ಬಗ್ಗಿ ನೋಡಿ, ಕಾರು ಮಾರಾಟಕ್ಕಿದೆಯಾ ಎಂದು ಕೇಳಿದರು.

ಒಂದು ಬೆಳಿಗ್ಗೆ ಬಿಳಿ ಕಾರೊಂದು ನಿಂತಿತ್ತು. ಒಳಗೆ ನನ್ನ ವಯಸ್ಸಿನ ಒಬ್ಬ ಮನುಷ್ಯ ಫೋನು ನೋಡುತ್ತ ಕೂತಿದ್ದ. ಅವನ ಹೆಂಡತಿ ಅಂಗಡಿಯಲ್ಲಿ ಮೈಸೂರುಪಾಕು ಕಟ್ಟಿಸುತ್ತಿದ್ದಾಳಂತೆ. ನಾನು ಕಾರನ್ನು ಅಡ್ಡ ನಿಲ್ಲಿಸಿ, ಇಳಿದು, ಗೌರವದಿಂದಲೇ ಕೇಳಿದೆ. ಆತ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಇದು ಕುಂಟ್ರಿಗೆ ಅಲ್ವೇನ್ರೀ? ನಿಮ್ಗೇನಾಗಿದೆ, ಕಂಬ ಇದ್ದಂಗಿದೀರ."

ಅಷ್ಟು ಸಾಕಾಯಿತು. ಮೊದಲ ನಾಲ್ಕು ಮಾತು ಚೆನ್ನಾಗಿಯೇ ಬಂದವು, ಅದರಲ್ಲೊಂದು ಬಹಳ ಖಾರವಾಗಿಯೂ ಇತ್ತು. ಐದನೆಯದಕ್ಕೆ ನಾಲಗೆ ದಪ್ಪವಾಯಿತು. ಬಲಗಣ್ಣಿನ ರೆಪ್ಪೆ ಜಾರಿತು. ನಿಲ್ಲಲಾರದೆ ಅವನ ಕಾರಿನ ಮೇಲೆಯೇ ಕೈ ಊರಿದೆ. ಆತ ಸುತ್ತ ನೆರೆದವರ ಕಡೆ ತಿರುಗಿ, "ಬೆಳಿಗ್ಗೆ ಬೆಳಿಗ್ಗೆನೇ ಹಾಕ್ಕಂಡ್ ಬಂದ್ಬಿಟ್ಟವ್ನೆ ಕಣ್ರೀ" ಅಂದ. ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುತ್ತಾರೆ ಎಂಬ ಗಾದೆಯಿದೆ. ನಾನು ಮಜ್ಜಿಗೆಯನ್ನೂ ಕುಡಿದಿರಲಿಲ್ಲ, ಮರದ ಕೆಳಗೂ ಕೂತಿರಲಿಲ್ಲ. ನೆರೆದವರಲ್ಲಿ ಮಕ್ಕಳನ್ನು ಕ್ಲಾಸಿಗೆ ಬಿಡಲು ಬಂದ ತಂದೆತಾಯಂದಿರೂ ಇದ್ದರು. ಅವರ ಮುಖ ನೋಡಿದಾಗ ನನಗೆ ನಾಚಿಕೆಯಾಯಿತು. ಮಾಡದ ತಪ್ಪಿಗೆ ನಾಚಿಕೆಪಟ್ಟೆನಲ್ಲ ಎಂದು ಇವತ್ತಿಗೂ ಸಿಟ್ಟು ಬರುತ್ತದೆ.

ಮಧ್ಯಾಹ್ನ ಟ್ಯುಟೋರಿಯಲ್ ಮಾಲೀಕರು ಕರೆದರು. ನನ್ನ ಕಾಯಿಲೆ ಅವರಿಗೆ ಗೊತ್ತು, ಮನುಷ್ಯರೂ ಕೆಟ್ಟವರಲ್ಲ. ಇಬ್ಬರು ಪೋಷಕರು ಫೋನು ಮಾಡಿದ್ದರಂತೆ. ಒಂದು ಊರುಗೋಲು ಹಿಡಿದುಕೊಂಡರೆ ಹೇಗೆ, ನೋಡಿದವರಿಗೆ ಅರ್ಥವಾಗುತ್ತದಲ್ಲ ಎಂದು ಸಲಹೆ ಕೊಟ್ಟರು. ನನಗೆ ಕೋಲಿನಿಂದ ಪ್ರಯೋಜನವಿಲ್ಲ ಸರ್, ಕೋಲು ಹಿಡಿದರೆ ಕೈಯೂ ಸೋಲುತ್ತದೆ ಎಂದೆ. ಅವರು ಮೇಜಿನ ಮೇಲಿನ ಪೆನ್ನನ್ನು ಆಚೀಚೆ ಸರಿಸಿದರು.

"ಇನ್ನೊಂದ್ಸಲ ಇಂಥ ಕಂಪ್ಲೇಂಟ್ ಬಂದ್ರೆ, ಇಲ್ಲಾ ಪಾಠ ನಡುವೆ ನಿಂತ್ರೆ, ನನ್ನ ಕೈಲೂ ಏನೂ ಆಗಲ್ಲ ಸರ್. ಮಕ್ಕಳ ಪರೀಕ್ಷೆ ವರ್ಷ."

ಕಟ್ಟಡದ ಬಾಗಿಲಲ್ಲಿ ಅಂತರಘಟ್ಟೆ ಕಡೆಯ ಒಬ್ಬ ಹೆಂಗಸು ಹೂವು ಮಾರುತ್ತಾಳೆ. ಬೆಳಗಿನ ರಂಪವನ್ನೆಲ್ಲ ಆಕೆ ಕಂಡಿದ್ದಳು. ನಾನು ಮನೆಗೆ ಹೊರಟಾಗ ಹತ್ತಿರ ಕರೆದು, ನಾಳೆಯಿಂದ ಅಲ್ಲಿ ಒಂದು ನರಪಿಳ್ಳೆಯೂ ಗಾಡಿ ನಿಲ್ಲಿಸದ ಹಾಗೆ ಮಾಡುತ್ತೇನೆ, ಅಮ್ಮನ ಮೇಲಾಣೆ ಎಂದಳು. ಹೇಗೆ ಎಂದು ಕೇಳಿದರೆ, ಬೆಳಿಗ್ಗೆ ನೋಡಿ ಎಂದು ಹೂವಿಗೆ ನೀರು ಚಿಮುಕಿಸತೊಡಗಿದಳು.

ಮರುದಿನ ಬಂದು ನೋಡುತ್ತೇನೆ, ನೀಲಿ ಬಣ್ಣದ ಮೇಲೆ ಅಂಗಳದಷ್ಟು ದೊಡ್ಡ ರಂಗೋಲಿ. ಎಳೆ ಎಳೆಯಾಗಿ ಬಿಡಿಸಿದ ತಾವರೆ, ಅಂಚಿಗೆ ಕೆಮ್ಮಣ್ಣು, ನಡುವೆ ಅರಿಶಿನ ಕುಂಕುಮ, ನಾಲ್ಕು ಮೂಲೆಗೆ ಚೆಂಡುಹೂವು. ಕೆಳಗಿದ್ದ ಗಾಲಿಕುರ್ಚಿ ಕಾಣುತ್ತಲೇ ಇರಲಿಲ್ಲ. ಜೀಪಿನವನೊಬ್ಬ ಬಂದು, ನೋಡಿ, ಕೈ ಮುಗಿದು ಹಿಂದಕ್ಕೆ ತೆಗೆದುಕೊಂಡ. ಕಾನೂನು ಬರೆಸಿದ ಚಿತ್ರಕ್ಕೆ ಕಿಲುಬು ಕಾಸಿನ ಬೆಲೆಯಿಲ್ಲ, ಹಿಡಿ ಪುಡಿಗೆ ಇಷ್ಟು ಮರ್ಯಾದೆ. ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು.

ಆಮೇಲೆ ನನ್ನ ಸರದಿ. ಬ್ರೇಕಿನ ಮೇಲಿಟ್ಟ ಕಾಲು ಏಳಲೇ ಇಲ್ಲ. ಹೊಸಲಿನ ರಂಗೋಲಿ ತುಳಿದಾಗೆಲ್ಲ ಅವ್ವನಿಂದ ಏಟು ತಿಂದು ಬೆಳೆದವನು ನಾನು. ಹೂವಿನಾಕೆ ಎದ್ದು ಬಂದಳು.

"ಎಂಗೈತೆ ಸಾ? ಒಂದು ಗಾಡಿನೂ ಬಂದಿಲ್ಲ ನೋಡಿ."

"ಚೆನ್ನಾಗಿದೆ ಕಣಮ್ಮ. ನಾನೆಲ್ಲಿ ನಿಲ್ಲಿಸ್ಲಿ?"

ಆಕೆ ರಂಗೋಲಿ ನೋಡಿದಳು, ನನ್ನ ಕಾರು ನೋಡಿದಳು. ಅದೊಂದನ್ನು ಆಕೆ ಯೋಚಿಸಿಯೇ ಇರಲಿಲ್ಲ. ಪಕ್ಕದಲ್ಲಿ ಒತ್ತರಿಸಿ ನಿಲ್ಲಿಸಲಾಗುವುದಿಲ್ಲವೇ ಎಂದಳು. ಪಕ್ಕದಲ್ಲಿ ಗೋಡೆ, ಇನ್ನೊಂದು ಪಕ್ಕದಲ್ಲಿ ಚರಂಡಿ. ಅವತ್ತು ಬಸ್ ನಿಲ್ದಾಣದ ಕಡೆಯೇ ನಿಲ್ಲಿಸಿ ನಡೆದು ಬಂದೆ. ಪಾಠದ ಕೊನೆಗೆ ದನಿ ಹೋಯಿತು, ಉಳಿದದ್ದನ್ನು ಬೋರ್ಡಿನ ಮೇಲೆ ಬರೆದೆ, ಕೊನೆಯ ಸಾಲು ಬರೆಯುವಾಗ ಕೈಯೂ ಇಳಿಯಿತು. ಬಾಗಿಲ ಬಳಿ ಮಾಲೀಕರು ನಿಂತಿದ್ದರು. ಅರ್ಧಕ್ಕೆ ನಿಂತ ಸಾಲನ್ನು ನೋಡಿ ಹೋದರು.

ಮಾರನೆಯ ಬೆಳಿಗ್ಗೆ ರಂಗೋಲಿ ಇನ್ನೂ ದೊಡ್ಡದಾಗಿತ್ತು. ಹೂ ಕೊಳ್ಳಲು ಬಂದವರು ಅದರ ನಡುವೆ ದೀಪವನ್ನೂ ಇಟ್ಟಿದ್ದರು. ಹೂವಿನಾಕೆ ನನ್ನನ್ನು ಕಂಡು ಪೆಚ್ಚಾಗಿ, ಜನ ಅಳಿಸಲು ಬಿಡುತ್ತಿಲ್ಲ ಎಂದಳು. ನಾನು ಇಳಿದು ದೀಪವನ್ನು ಎತ್ತಿ ಗೋಡೆಯ ಬುಡದಲ್ಲಿಟ್ಟೆ. ಮತ್ತೆ ಕಾರು ಹತ್ತಿ, ಹಲ್ಲು ಕಚ್ಚಿ, ತಾವರೆಯ ಮೇಲೆ ಚಕ್ರ ಹತ್ತಿಸಿದೆ.

ಸಿಹಿತಿಂಡಿ ಅಂಗಡಿಯಿಂದ ಜನ ಹೊರಗೆ ಬಂದರು. ಅವರ ನಡುವೆ ಬಿಳಿ ಕಾರಿನವನೂ ಇದ್ದ, ಕೈಯಲ್ಲಿ ಪೊಟ್ಟಣ ಹಿಡಿದು. ನನ್ನ ಗುರುತು ಹಿಡಿದ.

"ಅವ್ನೇ ಕಣ್ರೀ ಅವತ್ತಿನೋನು. ಕುಡಿದೋನಿಗೆ ರಂಗೋಲಿ ಯಾಕೆ ಕಾಣ್ತದೆ?"

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ಎರಡು ರಾತ್ರಿ ಹಾಸಿಗೆಯಲ್ಲಿ ಮಸೆದು ಮಸೆದು ಚೂಪು ಮಾಡಿಟ್ಟ ಉತ್ತರ. ಆದರೆ ನನ್ನಲ್ಲಿ ಆವತ್ತಿಗೆ ಎಷ್ಟು ದನಿ ಇದೆಯೆಂದು ನನಗೆ ಗೊತ್ತು. ಇವನಿಗೆ ಕೊಟ್ಟರೆ ಮಕ್ಕಳಿಗೆ ಉಳಿಯುವುದಿಲ್ಲ. ಬಾಯಿ ಮುಚ್ಚಿಕೊಂಡು, ತಲೆ ತಗ್ಗಿಸಿ, ಲಿಫ್ಟಿನ ಕಡೆ ನಡೆದೆ. ಬೆನ್ನ ಹಿಂದೆ ಯಾರೋ, ನೋಡಿ, ಮಾತೇ ಇಲ್ಲ ಎಂದರು. ತಪ್ಪಿತಸ್ಥ ಮಾತಾಡುವುದಿಲ್ಲ ಎಂಬುದು ಅವರ ಲೆಕ್ಕ.

ಅವತ್ತು ಬೆಳಕಿನ ವಕ್ರೀಭವನದ ಪಾಠ. ಕೊನೆಯ ಲೆಕ್ಕದವರೆಗೂ ದನಿ ಬಂತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅರ್ಥವಾಗಲಿಲ್ಲ ಎಂದಾಗ ಮೊದಲಿನಿಂದ ಇನ್ನೊಮ್ಮೆ ಹೇಳಿದೆ.

ಈಗಲೂ ದಿನಾ ಬೆಳಿಗ್ಗೆ ಯಾರೋ ಅಲ್ಲಿ ರಂಗೋಲಿ ಹಾಕುತ್ತಾರೆ, ನಾನು ದಿನಾ ಅದರ ಮೇಲೆ ಕಾರು ಹತ್ತಿಸುತ್ತೇನೆ, ಯಾರು ಏನಂದರೂ ತುಟಿ ಬಿಚ್ಚುವುದಿಲ್ಲ. ಆ ಬೀದಿಯವರ ಪಾಲಿಗೆ ನಾನು ಕುಡುಕ, ಮೇಲೆ ದೈವದ್ರೋಹಿ. ಮಾಲೀಕರು ಮಾತ್ರ ಮತ್ತೆ ಕರೆಸಿಲ್ಲ. ಪಾಠ ಆಮೇಲೆ ಒಂದು ದಿನವೂ ಅರ್ಧಕ್ಕೆ ನಿಂತಿಲ್ಲ.