ವೇದಾವತಿಯ ಹನ್ನೆರಡು ಚೆಂಡು

ಶಂಕರಪುರದ ವೇದಾವತಿಯ ನಾಲಿಗೆ ಬಹಳ ಹರಿತ ಎಂದು ಊರೇ ಹೇಳುತ್ತದೆ. ಹೇಳಲಿ, ಊರ ಬಾಯಿಗೆ ಮುಚ್ಚಳ ಉಂಟೇ? ಇಪ್ಪತ್ತೈದು ವರ್ಷ ಬೆಳಕು ಹರಿಯುವ ಮೊದಲು ಎದ್ದು, ಮಲ್ಲಿಗೆಯ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ, ಮೂವರು ನಾದಿನಿಯರನ್ನು ದಡ ಸೇರಿಸಿದವಳು ಅವಳು. ಮೆತ್ತಗೆ ಮಾತಾಡುವುದಕ್ಕೆ ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು!

ಗಂಡ ವಿಠಲ ಮಾಸ್ಟ್ರು ಅಲ್ಲಿಯ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತರಾದವರು. ಹೆಚ್ಚು ಮಾತಿನವರಲ್ಲ. ಬಿಳಿಯ ಪಂಚೆ ಉಟ್ಟು ಅವರು ಪೇಟೆಗೆ ಹೊರಟರೆ, ಮೊಮ್ಮಕ್ಕಳನ್ನು ಕಂಡ ಹಳೆಯ ಶಿಷ್ಯರೂ ಕೈಯಲ್ಲಿದ್ದ ಬೀಡಿಯನ್ನು ಹಿಂದಕ್ಕೆ ಅಡಗಿಸುತ್ತಿದ್ದರು.

ವೇದಾವತಿಯ ತಂಗಿ ಪುಷ್ಪಾವತಿಗೆ ಮುಂಬಯಿಯ ಮಾಟುಂಗದಲ್ಲಿ ಹೂವಿನ ಅಂಗಡಿ. ಅಕ್ಕ ಇಲ್ಲಿಂದ ಐಸ್ ಇಟ್ಟ ಪೆಟ್ಟಿಗೆಯಲ್ಲಿ ಹೂ ಕಳಿಸುವುದು, ತಂಗಿ ಅಲ್ಲಿ ಮಾರುವುದು. ಮಲ್ಲಿಗೆಗೆ ಶಂಕರಪುರದಲ್ಲಿ ಅದರದೇ ಅಳತೆ: ಎಂಟುನೂರು ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನಾ ಮಧ್ಯಾಹ್ನ ಊಟ ಮುಗಿಸಿ, ಮಾಸ್ಟ್ರು ಅಡ್ಡಾದ ಮೇಲೆ, ಅಕ್ಕ ಫೋನು ಮಾಡುತ್ತಿದ್ದಳು. ಮಾತು ತುಳುವಿನಲ್ಲಿ. ಇವತ್ತು ಹನ್ನೆರಡು ಚೆಂಡು ಬಸ್ಸಿಗೆ ಹಾಕಿದ್ದೇನೆ, ತಲಪಿದ ಕೂಡಲೇ ತೆಗೆದುಕೋ, ತಡ ಮಾಡಿದರೆ ಬಿರಿಯುತ್ತದೆ. ಅಷ್ಟಾದ ಮೇಲೆ ದನಿ ತಗ್ಗುತ್ತಿತ್ತು.

ಏಕೆಂದರೆ ಹಿಂದಿನ ವರ್ಷ ಮಾಸ್ಟ್ರಿಗೆ ಒಂದು ಆಪರೇಷನ್ ಆಗಿ, ಅಂದಿನಿಂದ ಮೂತ್ರದ ಹಿಡಿತ ತಪ್ಪಿತ್ತು. ಬೆಳಿಗ್ಗೆ ಹಾಸಿಗೆ ಒದ್ದೆ. ಆ ವಿಷಯವನ್ನು ಅವರು ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ನೆರೆಮನೆಯವರ ಕಣ್ಣಿಗೆ ಬೀಳದ ಹಾಗೆ ಬಟ್ಟೆ ಒಗೆದು ಹಿತ್ತಿಲಿನಲ್ಲಿ ಒಣಗಿಸುತ್ತಿದ್ದಳು. ಆದರೆ ಮನುಷ್ಯಳಲ್ಲವೇ, ಎಷ್ಟು ದಿನ ಹೊಟ್ಟೆಯೊಳಗೆ ಇಟ್ಟುಕೊಂಡಾಳು? ಲೋಕದಲ್ಲಿ ಒಂದೇ ಒಂದು ಕಿವಿಗೆ, ತಂಗಿಯ ಕಿವಿಗೆ, ಅದನ್ನು ಹೇಳುತ್ತಿದ್ದಳು. ಹೇಳಿ, ಒಂದಿಷ್ಟು ಅತ್ತು, ಮೂಗು ಒರೆಸಿಕೊಂಡು ಮತ್ತೆ ಹೂ ಕಟ್ಟಲು ಕೂರುತ್ತಿದ್ದಳು.

ಆ ವರ್ಷ ಮುಂಬಯಿಯ ರೈಲುಗಳಲ್ಲಿ ಬಾಂಬು ಸಿಡಿದವು. ಎರಡು ತಿಂಗಳಾದ ಮೇಲೆ ವೇದಾವತಿಯ ಅಂಗಳಕ್ಕೆ ಪೊಲೀಸ್ ಜೀಪು ಬಂತು. ಸ್ವಲ್ಪ ವಿಚಾರಿಸಲಿಕ್ಕೆ ಉಂಟು, ಸ್ಟೇಷನ್ನಿಗೆ ಬರಬೇಕು ಎಂದರು. ಒಬ್ಬಳೇ ಹೋಗುವುದು ಬೇಡವೆಂದು ಮಾಸ್ಟ್ರೂ ಅಂಗಿ ಹಾಕಿಕೊಂಡು ಹೊರಟರು. ಬಾರದೇ ಇದ್ದಿದ್ದರೆ!

ಅಲ್ಲಿ ಬೆಂಗಳೂರಿನ ಅಧಿಕಾರಿಯೊಬ್ಬ ಫೈಲು ಬಿಚ್ಚಿ ಕುಳಿತಿದ್ದ. ದಿನಾ ಮುಂಬಯಿಗೆ ಹೋಗುವ ಮಾತೆಂದು ಅನುಮಾನಪಟ್ಟು, ತಿಂಗಳಿಂದ ಅಕ್ಕತಂಗಿಯರ ಫೋನು ಕದ್ದು ಕೇಳಿ, ಯಾರೋ ಅರೆಬರೆ ತುಳು ಬಲ್ಲವನಿಂದ ಕನ್ನಡ ಮಾಡಿಸಿ, ಟೈಪು ಹೊಡೆಸಿ ಇಟ್ಟಿದ್ದರು. ತಾಳೆ ನೋಡಲು ಊರಿನ ಕಾನ್‌ಸ್ಟೇಬಲ್ ಇಮ್ಯಾನುಯೆಲನನ್ನು ನಿಲ್ಲಿಸಿ, ಓದು ಎಂದ. ಇಮ್ಯಾನುಯೆಲ್ ಮಾಸ್ಟ್ರ ಶಿಷ್ಯ. ಅವರನ್ನು ಕಂಡು ಮೊದಲೇ ಬೆವರಿದ್ದ.

“ಹನ್ನೆರಡು ಚೆಂಡು ಬಸ್ಸಿಗೆ ಹಾಕಿದ್ದೇನೆ,” ಎಂದು ಓದಿದ. “ತಡ ಮಾಡಿದರೆ ಸಿಡಿಯುತ್ತದೆ.”

ವೇದಾವತಿಗೆ ನಗು ಬಂತು. ಬಿರಿಯುತ್ತದೆ ಎಂದದ್ದನ್ನು ಸಿಡಿಯುತ್ತದೆ ಎಂದು ಬರೆದ ಮಹಾನುಭಾವ ಯಾರೆಂದು ಕೇಳಿದಳು. ಇಮ್ಯಾನುಯೆಲನೂ ಧೈರ್ಯ ಮಾಡಿ, ಚೆಂಡು ಎಂದರೆ ಮಲ್ಲಿಗೆಯ ಲೆಕ್ಕ, ತನ್ನ ತಾಯಿಯೂ ಕಟ್ಟುತ್ತಾರೆ ಎಂದು ಬಿಡಿಸಿ ಹೇಳಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬೆಂಗಳೂರಿನಿಂದ ಅಷ್ಟು ದೂರ ಬಂದವನು ಬರಿಗೈಯಲ್ಲಿ ಹೋದಾನೆಯೇ? ಇನ್ನೊಂದು ಸಾಲಿಗೆ ಬೆರಳಿಟ್ಟ. ‘ಇವತ್ತೂ ಯಾರಿಗೂ ಗೊತ್ತಾಗದ ಹಾಗೆ ತೊಳೆದೆ’ ಎಂದು ಉಂಟಲ್ಲ, ಏನನ್ನು ತೊಳೆದದ್ದು?

ವೇದಾವತಿಯ ನಾಲಿಗೆ ಹುಟ್ಟಿದ ಮೇಲೆ ಮೊದಲ ಸಲ ಅಂಟಿಕೊಂಡಿತು. ಅವನು ಮತ್ತೆ ಮತ್ತೆ ಕೇಳಿದ. ಹೇಳದಿದ್ದರೆ ಮುಂಬಯಿಯ ತಂಗಿಯನ್ನೂ ಎತ್ತಿಕೊಂಡು ಬರುತ್ತೇವೆ ಎಂದ. ಕೊನೆಗೆ ಮುಂದಿನ ಹಾಳೆ ಓದು ಎಂದು ಇಮ್ಯಾನುಯೆಲನಿಗೆ ಗದರಿಸಿದ. ಆ ಹುಡುಗ ಕಣ್ಣಾಡಿಸಿ, ಬೇಡ ಸರ್ ಎಂದ. ಅಧಿಕಾರಿ ಹಾಳೆ ಕಿತ್ತುಕೊಂಡು ತಾನೇ ಗಟ್ಟಿಯಾಗಿ ಓದಿದ. “ಇವರು ಸಣ್ಣ ಮಕ್ಕಳ ಹಾಗೆ ಹಾಸಿಗೆಯಲ್ಲೇ ಮೂತ್ರ ಮಾಡುತ್ತಾರೆ, ನನಗೆ ಸಾಕಾಗಿ ಹೋಗಿದೆ ಪುಷ್ಪಾ.”

ಬಾಗಿಲಲ್ಲಿದ್ದ ಇಬ್ಬರು ಪೇದೆಗಳು ಅತ್ತ ತಿರುಗಿ ನಕ್ಕರು. ಮಾಸ್ಟ್ರು ನೆಲ ನೋಡುತ್ತ ಕುಳಿತೇ ಇದ್ದರು.

ಬೆಟ್ಟ ಅಗೆದು ಇಲಿ ಹಿಡಿದ ಅಧಿಕಾರಿ ಫೈಲು ಮುಚ್ಚಿದ. ಏನೋ ತಪ್ಪು ತಿಳುವಳಿಕೆ, ದೇಶದ ಭದ್ರತೆಯ ವಿಷಯ ನೋಡಿ, ಚಹಾ ಕುಡಿದು ಹೋಗಿ ಎಂದ. ವೇದಾವತಿ ಎದ್ದು ಕೈ ಚಾಚಿದಳು.

“ಆ ಕಾಗದ ಇಲ್ಲಿ ಕೊಡಿ.”

ಅದು ಸರ್ಕಾರದ ದಾಖಲೆ, ಕೊಡಲು ಬರುವುದಿಲ್ಲ ಎಂದ ಅವನು.

“ಸರ್ಕಾರದ್ದಾ? ಸರ್ಕಾರ ಯಾವಾಗ ಮಾತಾಡಿದ್ದು? ಮಾತಾಡಿದ್ದು ನಾನು. ಬಾಂಬು ಹುಡುಕುವವರಿಗೆ ನನ್ನ ಗಂಡನ ಹಾಸಿಗೆಯಲ್ಲಿ ಎಂತ ಕೆಲಸ?”

ಕಾಗದ ಕೊಡಲಿಲ್ಲ. ಇಂದಿಗೂ ಯಾವ ಕಪಾಟಿನಲ್ಲಿ ಉಂಟೋ, ಯಾರು ಯಾರು ಓದಿದರೋ. ಒಬ್ಬ ಕಳ್ಳನನ್ನು ಹಿಡಿಯಲು ಇಡೀ ಊರಿನವರ ಬಟ್ಟೆ ಬಿಚ್ಚಿಸಿ, ಆಮೇಲೆ ಚಹಾ ಕುಡಿಯಿರಿ ಎನ್ನುವ ಜನಕ್ಕೆ ಏನು ಹೇಳುವುದು? ತಪ್ಪು ಮಾಡದವರಿಗೆ ಹೆದರಿಕೆ ಎಂತದು ಎಂದು ಈಗಲೂ ಕೆಲವರು ಕೇಳುತ್ತಾರೆ. ವಿಠಲ ಮಾಸ್ಟ್ರು ಯಾವ ತಪ್ಪು ಮಾಡಿದ್ದರು?

ಊರಿನವರು ಮಲ್ಲಿಗೆ ಮಾರಲು ಸೇರುವ ಹೂವಿನ ಕಟ್ಟೆಯಲ್ಲಿ ವಾರವಿಡೀ ಅದೇ ತಮಾಷೆ. ಚೆಂಡು ಸಿಡಿಯಿತಾ ವೇದಕ್ಕ ಎಂದು ಕೇಳುವುದು, ನಗುವುದು. ಇನ್ನೊಂದು ಮಾತೂ ಪೇದೆಗಳ ಬಾಯಿಂದ ಹೊರಬಿದ್ದಿತ್ತು. ಅದನ್ನು ಯಾರೂ ಎದುರಿಗೆ ಆಡಲಿಲ್ಲ, ಅಷ್ಟೇ. ಮಾಸ್ಟ್ರು ಪೇಟೆಗೆ ಹೋಗುವುದನ್ನು ಬಿಟ್ಟರು. ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ತಾವೇ ಬಟ್ಟೆ ಒಗೆಯತೊಡಗಿದರು. ಹೆಂಡತಿಯೊಡನೆ ಮಾತು ಎಷ್ಟು ಬೇಕೋ ಅಷ್ಟು.

ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಮಧ್ಯಾಹ್ನ ಅವಳು ಫೋನು ಎತ್ತಿದರೆ ಅವರು ಮಲಗಿದಲ್ಲಿಂದ ಎದ್ದು ಬಂದು ಬಾಗಿಲಿನ ಮರೆಯಲ್ಲಿ ನಿಲ್ಲುತ್ತಿದ್ದರು. ಪರದೆಯ ಕೆಳಗೆ ಅವರ ಪಾದ ಕಾಣುತ್ತಿತ್ತು. ಭಾವ ಹೇಗಿದ್ದಾರೆ ಎಂದು ಪುಷ್ಪಾವತಿ ಕೇಳಿದರೆ ವೇದಾವತಿ, ಚೆನ್ನಾಗಿದ್ದಾರೆ, ಎಂಟು ಚೆಂಡು ಕಳಿಸಿದ್ದೇನೆ ಎಂದು ಇಟ್ಟುಬಿಡುತ್ತಿದ್ದಳು. ಇದ್ದ ಒಂದು ಕಿವಿಯೂ ಹೋಯಿತು.

ಒಂದು ದಿನ ಮತ್ತೆ ಆ ಪಾದ ಕಂಡಾಗ ಅವಳ ಮೈ ಉರಿದುಹೋಯಿತು. ತಂಗಿ ಆ ತುದಿಯಲ್ಲಿ ಹಲೋ ಹಲೋ ಎನ್ನುತ್ತಿದ್ದ ಹಾಗೆಯೇ ಪರದೆ ಸರಿಸಿ ರಿಸೀವರನ್ನು ಗಂಡನ ಮುಂದೆ ಹಿಡಿದಳು.

“ಸರ್ಕಾರ ಕದ್ದು ಕೇಳಿತು, ಇನ್ನು ನೀವೂ ಕದಿಯಬೇಡಿ. ಇಲ್ಲಿ ಕೂತು ಕೇಳಿ. ಹೌದು, ನಾನು ಹೇಳಿದ್ದೆ. ಯಾರಿಗೆ ಹೇಳಲಿ ಮತ್ತೆ? ನೀವು ನನ್ನ ಹತ್ತಿರ ಒಂದು ದಿನ ಮಾತಾಡಿದ್ದುಂಟಾ?”

ಮಾಸ್ಟ್ರು ಪರದೆ ದಾಟಿ ಒಳಗೆ ಬಂದರು. ಆಮೇಲೆ ಕುರ್ಚಿಯಲ್ಲಿ ಕುಳಿತು ರಿಸೀವರ್ ಕಿವಿಗಿಟ್ಟರು. ಮಾತಾಡಿದ್ದು ತುಳುವಿನಲ್ಲಿ ಅಲ್ಲ, ಕನ್ನಡದಲ್ಲಿ, ಉಕ್ತಲೇಖನ ಕೊಡುವ ಹಾಗೆ ಒಂದೊಂದೇ ಪದ ಬಿಡಿಸಿ.

“ಪುಷ್ಪಾ, ನಾನು ಭಾವ. ನಿನ್ನೆಯೂ ಹಾಸಿಗೆ ಒದ್ದೆಯಾಗಿದೆ. ನಿನ್ನ ಅಕ್ಕನಿಗೆ ಸಾಕಾಗಿದೆ. ನನಗೂ ಸಾಕಾಗಿದೆ. ನಡುವೆ ಕೇಳುತ್ತಿರುವವರು ಈ ಸಲವಾದರೂ ತಪ್ಪಿಲ್ಲದೆ ಬರೆದುಕೊಳ್ಳಿ.”